ಕನ್ನಡಕವಿಲ್ಲದೆ ಸೂಜಿ ಪೋಣಿಸಿದ ದಿನ

ಇದು ಪುಣೆಯ ಕೋಥ್ರೂಡಿನಲ್ಲಿ ನಡೆದದ್ದು. ಹೆಸರು, ಓಣಿ, ಮನೆಯವರ ವಿವರಗಳನ್ನು ಬದಲಿಸಿದ್ದೇನೆ. ಗಂಗಕ್ಕ ಎಂಬುದು ನಾನಿಟ್ಟ ಹೆಸರು. ಬರೆದದ್ದನ್ನು ಅವರಿಗೆ ಓದಿ ಹೇಳಿ ಒಪ್ಪಿಗೆ ಪಡೆದಿದ್ದೇನೆ. ‘ಆ ಕೆಟ್ಟ ಗೋಪುರದ ವಿಷಯ ಮಾತ್ರ ಬಿಟ್ಟುಬಿಡು ತಂಗೀ’ ಎಂದು ಕೇಳಿಕೊಂಡಿದ್ದರು. ಕಸೂತಿಯಲ್ಲಿ ಹಾಕಿದ ಆ ಗೋಪುರವನ್ನು ಬಿಟ್ಟರೆ ಬರೆಯಲು ಏನೂ ಉಳಿಯುವುದಿಲ್ಲ ಎಂದು ಒಪ್ಪಿಸಬೇಕಾಯಿತು.

ನಾನು ವೈದ್ಯೆಯಲ್ಲ, ಫಿಸಿಯೋಥೆರಪಿಸ್ಟ್. ಈಗ ನಿವೃತ್ತಳು. ಕಸೂತಿ ನನ್ನ ಕೈಗೆ ಅಷ್ಟಾಗಿ ಒಲಿದಿಲ್ಲ, ಆದರೂ ಪ್ರತಿ ಗುರುವಾರ ಮಧ್ಯಾಹ್ನ ಏಳೆಂಟು ಹೆಂಗಸರು ಕೂಡುವ ಬೈಠಕ್ಕಿಗೆ ತಪ್ಪದೆ ಹೋಗುತ್ತೇನೆ. ಹೆಚ್ಚಿನವರು ಧಾರವಾಡ, ಬೆಳಗಾವಿ ಕಡೆಯವರು, ಮದುವೆಯಾಗಿ ಪುಣೆಗೆ ಬಂದವರು. ಗಂಗಕ್ಕ ಅವರಲ್ಲಿ ಹಿರಿಯರು, ವಯಸ್ಸು 58. ಯಾರ ಕೆಲಸವೇ ಇರಲಿ, ಮೊದಲು ಬಟ್ಟೆಯನ್ನು ತಿರುವಿ ಹಿಂಬದಿ ನೋಡುವವರು. ಮುಂದೆ ಕಂಡಂತೆಯೇ ಹಿಂದೆಯೂ ಕಾಣದಿದ್ದರೆ ಅವರ ಮಟ್ಟಿಗೆ ಅದು ಗವಂತಿ ಹೊಲಿಗೆಯೇ ಅಲ್ಲ.

ಕಸೂತಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು, ಮುಂದಿನ ಕಥೆ ಅದರ ಮೇಲೆಯೇ ನಿಂತಿದೆ. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆದುಕೊಂಡು ಹಾಕುವ ಹೊಲಿಗೆ ಇದಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಕಣ್ಣಿನಿಂದ ಎಣಿಸಿಕೊಂಡೇ ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಎಲ್ಲ ಮೂಡಬೇಕು. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತದೆ, ಬರುವಾಗ ಅದೇ ದಾರಿಯಲ್ಲಿ ಬಿಟ್ಟ ಜಾಗಗಳನ್ನು ತುಂಬುತ್ತದೆ. ಮುರಗಿಯೂ ಇದೇ ರೀತಿ, ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಹೋಗುವಾಗ ಒಂದೇ ಒಂದು ಎಳೆ ತಪ್ಪಿದರೂ ಬರುವಾಗ ದಾರಿ ಕೂಡುವುದಿಲ್ಲ. ಅಂದರೆ, ಇಲ್ಲಿ ತಪ್ಪನ್ನು ಮುಚ್ಚಿಡಲು ಆಗುವುದಿಲ್ಲ. ನೇಗಿ ಮತ್ತು ಮೆಂತೆ ಹೊಲಿಗೆಗಳಲ್ಲಿ ಹಿಂಬದಿಯ ವಿಷಯದಲ್ಲಿ ಇಷ್ಟು ಬಿಗಿಯಿಲ್ಲ. ಗಂಗಕ್ಕ ಅವೆರಡನ್ನೂ ‘ರಜೆಯ ಕೆಲಸ’ ಎನ್ನುತ್ತಾರೆ.

ಸೀರೆ

ಆ ವರ್ಷ ಮೇ ತಿಂಗಳಲ್ಲಿ ಅವರ ಮಗನ ಮದುವೆಯಾಯಿತು. ಸೊಸೆ ಪುಣೆಯದೇ ಮರಾಠಿ ಹುಡುಗಿ. ಮಹಾರಾಷ್ಟ್ರದಲ್ಲಿ ಮದುವೆಯಾದ ಮೊದಲ ಸಂಕ್ರಾಂತಿಗೆ ಸೊಸೆಗೆ ಕಪ್ಪು ಸೀರೆ ಉಡಿಸಿ, ಸಕ್ಕರೆ ಕಾಳಿನ ಒಡವೆ ತೊಡಿಸುವ ರೂಢಿ ಇದೆ. ಧಾರವಾಡದ ಕಡೆ ಕಪ್ಪು ಚಂದ್ರಕಾಳಿ ಸೀರೆಗೆ ಕಸೂತಿ ಹಾಕುವ ಸಂಪ್ರದಾಯವಿದೆ. ಎರಡು ಊರುಗಳು ಒಂದೇ ಸೀರೆಯಲ್ಲಿ ಕೂಡುವ ಇಂಥ ಅವಕಾಶವನ್ನು ಗಂಗಕ್ಕ ಬಿಡುವವರಲ್ಲ. ಇಳಕಲ್ಲಿನಿಂದ ಸೀರೆ ತರಿಸಿದರು, ದಾರದ ಲಡಿಗಳಿಗಾಗಿ ತುಳಶೀಬಾಗಿನ ಪೇಟೆಯಲ್ಲಿ ಅರ್ಧ ದಿನ ಅಲೆದರು, ಜೂನ್ ಮೊದಲ ವಾರ ಸೂಜಿ ಹಿಡಿದರು. ಸೆರಗಿಗೆ ಗೋಪುರದ ಸಾಲು, ಒಡಲಿಗೆ ಚಿಕ್ಕ ಚಿಕ್ಕ ತುಳಸಿಕಟ್ಟೆ, ಅಂಚಿನ ಉದ್ದಕ್ಕೂ ಮುರಗಿ. ಜನವರಿ 14ಕ್ಕೆ ಮುಗಿಯಬೇಕು.

ದಿನಚರಿ ಹೀಗಿತ್ತು. ಮಧ್ಯಾಹ್ನ ಮನೆಯವರಿಗೆಲ್ಲ ಬಡಿಸಿ, ತಾನು ಚಹಾದಲ್ಲಿ ಎರಡು ಖಾರಿ ಬಿಸ್ಕತ್ತು ಅದ್ದಿ ತಿಂದು ನೆಲದ ಮೇಲೆ ಕುಳಿತರೆ ಮೂರು ತಾಸು ಏಳುತ್ತಿರಲಿಲ್ಲ. ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಟ್ಯೂಬ್‌ಲೈಟಿನ ಕೆಳಗೆ ಮತ್ತೆ ಅದೇ ಕೆಲಸ. ಊಟ ತಪ್ಪುತ್ತಿತ್ತು, ಚಹಾ ತಪ್ಪುತ್ತಿರಲಿಲ್ಲ. ದಿನಕ್ಕೆ ಆರು ಲೋಟ, ಪ್ರತಿಯೊಂದಕ್ಕೂ ಎರಡು ಚಮಚ ಸಕ್ಕರೆ.

ಜುಲೈ ಕೊನೆಯ ಒಂದು ಗುರುವಾರ ಅವರು ಬೈಠಕ್ಕಿಗೆ ಬಂದವರು ಕನ್ನಡಕವನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಸೂಜಿಯ ಕಣ್ಣನ್ನು ಬೆಳಕಿಗೆ ಹಿಡಿದು ಒಂದೇ ಸಲಕ್ಕೆ ದಾರ ಪೋಣಿಸಿದರು. ಹನ್ನೆರಡು ವರ್ಷಗಳಿಂದ ಓದುವ ಕನ್ನಡಕ ಹಾಕುತ್ತಿದ್ದವರು! ‘ಗಜ್ಜರಿ ತಿಂದದ್ದು ಹತ್ತಿತು ನೋಡು’ ಎಂದರು. ಎಲ್ಲರೂ ನಕ್ಕೆವು, ಚಪ್ಪಾಳೆ ತಟ್ಟಿದೆವು. ಒಬ್ಬರು, ‘ವೈನಿ, ಸಣ್ಣಗೂ ಆಗಿದ್ದೀರಿ, ಸೊಸೆ ಬಂದ ಕಳೆ’ ಎಂದರು. ನಾನೂ ತಟ್ಟಿದೆ. ಈ ಪ್ರಕರಣದಲ್ಲಿ ನನ್ನ ಮೊದಲ ತಪ್ಪು ಆ ಚಪ್ಪಾಳೆ.

ಬೆರಳು

ಆಗಸ್ಟ್‌ನಲ್ಲಿ ಅವರ ಬಲಗೈ ಹೆಬ್ಬೆರಳು ಸಿಕ್ಕಿಕೊಳ್ಳತೊಡಗಿತು. ಬೆಳಿಗ್ಗೆ ಎದ್ದಾಗ ಮಡಚಿದ ಬೆರಳು ಮಡಚಿದಂತೆಯೇ. ಎಡಗೈಯಿಂದ ಎತ್ತಿದರೆ ಕಟಕ್ಕೆಂದು ಬಿಡುತ್ತಿತ್ತು. ಟ್ರಿಗರ್ ಫಿಂಗರ್ ಎಂದು ನೋಡಿದ ಕೂಡಲೇ ಹೇಳಬಹುದಾದ ತೊಂದರೆ. ಬೆರಳನ್ನು ಮಡಚುವ ಸ್ನಾಯುರಜ್ಜು ಬೆರಳ ಬುಡದಲ್ಲಿ ಒಂದು ಸಣ್ಣ ಉಂಗುರದಂಥ ಕಟ್ಟಿನೊಳಗಿಂದ ಜಾರುತ್ತದೆ. ಕಟ್ಟು ದಪ್ಪವಾಗಿ ರಜ್ಜು ಊದಿದರೆ ಜಾರುವ ಬದಲು ಸಿಕ್ಕಿಕೊಳ್ಳುತ್ತದೆ. ದಿನಕ್ಕೆ ಐದು ತಾಸು ಸೂಜಿ ಚಿವುಟಿ ಹಿಡಿದರೆ ಇನ್ನೇನಾಗುತ್ತದೆ ಎಂದುಕೊಂಡೆ. ರಾತ್ರಿ ಕಟ್ಟಿಕೊಳ್ಳಲು ಸ್ಪ್ಲಿಂಟ್ ಕೊಟ್ಟೆ, ಬಿಸಿ ಮೇಣದ ಉಪಚಾರ ಹೇಳಿಕೊಟ್ಟೆ. ಕಾರಣ ಕಣ್ಣೆದುರಿಗೇ ಇದ್ದುದರಿಂದ ಬೇರೆ ಕಾರಣ ಹುಡುಕಲಿಲ್ಲ.

ಮೂರು ವಾರ ಕಳೆದರೂ ಸುಧಾರಿಸಲಿಲ್ಲ. ಇಂಜೆಕ್ಷನ್ ಹಾಕಿಸೋಣವೆಂದು ಮೂಳೆ ತಜ್ಞರ ಬಳಿ ಕರೆದುಕೊಂಡು ಹೋದೆ. ಅವರು ಬೆರಳನ್ನು ಮುಟ್ಟುವ ಮೊದಲೇ, ‘ಸಕ್ಕರೆ ಪರೀಕ್ಷೆ ಯಾವಾಗ ಮಾಡಿಸಿದ್ದು?’ ಎಂದು ಕೇಳಿದರು. ನಾಲ್ಕು ವರ್ಷಗಳ ಹಿಂದೆ. ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ದಿನ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಅಲ್ಲದೆ, ಮಧುಮೇಹ ಇರುವವರಲ್ಲಿ ಈ ಬೆರಳ ತೊಂದರೆ ಇತರರಿಗಿಂತ ಹೆಚ್ಚು. ಎರಡೂ ನನಗೆ ಗೊತ್ತಿದ್ದ ವಿಷಯಗಳೇ. ಮೂವತ್ತು ವರ್ಷ ಆ ಪ್ರಶ್ನೆಯನ್ನು ರೋಗಿಗಳಿಗೆ ಕೇಳಿದವಳು ಗೆಳತಿಗೆ ಕೇಳಲಿಲ್ಲ.

ಬರಿಹೊಟ್ಟೆಯ ಸಕ್ಕರೆ 248 ಬಂದಿತು. ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಸೂಚಿಸುವ ಎಚ್‌ಬಿಎ1ಸಿ 10.8. ಮಧುಮೇಹ ಎನ್ನಲು 6.5 ಸಾಕು. ಆಮೇಲೆ ಕೇಳಿದಾಗ ಒಂದೊಂದೇ ಹೊರಬಂದವು. ರಾತ್ರಿ ನಾಲ್ಕು ಸಲ ಏಳುತ್ತಿದ್ದರು, ತಲೆದೆಸೆಯಲ್ಲಿ ತಂಬಿಗೆ ನೀರು ಇಟ್ಟುಕೊಳ್ಳುತ್ತಿದ್ದರು, ತೂಕ ಆರು ಕಿಲೋ ಇಳಿದಿತ್ತು. ‘ಬಸ್ಸಿನ ನಂಬರು ಹತ್ತಿರ ಬರುವವರೆಗೂ ಕಾಣುತ್ತಿರಲಿಲ್ಲ, ಮಳೆಗೆ ಕೆಸರು ಹತ್ತಿದೆ ಎಂದುಕೊಂಡಿದ್ದೆ’ ಎಂದರು. ಈ ಕೊನೆಯ ಮಾತನ್ನು ಆಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಇಂಜೆಕ್ಷನ್ ಮುಂದಕ್ಕೆ ಹೋಯಿತು. ಮೂಳೆ ತಜ್ಞರು ಆರು ವಾರ ಹೊಲಿಗೆಯನ್ನೇ ಮುಟ್ಟಬಾರದು ಎಂದರು. ಗಂಗಕ್ಕನ ಮುಖ ನೋಡಿ ನಾನು ನಡುವೆ ಬಾಯಿ ಹಾಕಿ, ದಿನಕ್ಕೆ ಹತ್ತು ನಿಮಿಷವೆಂದು ಚೌಕಾಸಿ ಮಾಡಿದೆ. ಅದು ಸರಿಯೋ ತಪ್ಪೋ ಎಂದು ಆಗ ಬಹಳ ಯೋಚಿಸಿದ್ದೆ. ಪೂರ್ತಿ ನಿಲ್ಲಿಸಿದ್ದರೆ ಬೆರಳು ಬೇಗ ಸುಧಾರಿಸುತ್ತಿತ್ತೇನೋ. ಆದರೆ ಮುಂದೆ ನಮ್ಮನ್ನು ಎಚ್ಚರಿಸಿದ್ದು ಆ ಹತ್ತು ನಿಮಿಷದ ಹೊಲಿಗೆಯೇ. ಬೆರಳಿನ ಮೇಲಿನ ಭಾರ ಇಳಿಸಲು ಇನ್ನೊಂದು ಉಪಾಯವೂ ಸಿಕ್ಕಿತು. ಪಕ್ಕದ ಮನೆಯ ಮಗುವಿನ ಹುಟ್ಟುಹಬ್ಬದಲ್ಲಿ ಒಡೆದ ಬಲೂನಿನ ಚೂರನ್ನು ಸೂಜಿಗೆ ಸುತ್ತಿ ಎಳೆಯುವುದು. ರಬ್ಬರು ಸೂಜಿಯನ್ನು ಕಚ್ಚಿಕೊಳ್ಳುವುದರಿಂದ ಚಿವುಟಿ ಹಿಡಿಯಲು ಕಡಿಮೆ ಬಲ ಸಾಕು.

ಮಾತ್ರೆ ಮತ್ತು ಗೋಪುರ

ಸೆಪ್ಟೆಂಬರ್ ಕೊನೆಗೆ ಮಾತ್ರೆ ಶುರುವಾಯಿತು, ಚಹಾದ ಸಕ್ಕರೆ ನಿಂತಿತು, ಖಾರಿ ಹೋಗಿ ಜೋಳದ ರೊಟ್ಟಿ ಬಂದಿತು. ಎರಡು ವಾರಗಳಲ್ಲಿ ಬರಿಹೊಟ್ಟೆಯ ಸಕ್ಕರೆ 150ರ ಆಸುಪಾಸಿಗೆ ಇಳಿಯಿತು. ಎಲ್ಲರೂ ಸಂತೋಷಪಟ್ಟೆವು, ಗಂಗಕ್ಕನನ್ನು ಬಿಟ್ಟು. ಅವರಿಗೆ ಸೂಜಿ ಕಾಣಿಸುತ್ತಿರಲಿಲ್ಲ. ಹಳೆಯ ಕನ್ನಡಕ ಹಾಕಿದರೂ ಎಳೆಗಳು ಕಲಸಿಕೊಂಡಂತೆ ಇದ್ದವು. ಅಂಗಡಿಗೆ ಹೋಗಿ ಕಣ್ಣು ತೋರಿಸಿ ಮೂರೂವರೆ ಸಾವಿರ ಕೊಟ್ಟು ಹೊಸ ಕನ್ನಡಕ ಮಾಡಿಸಿಕೊಂಡರು. ಹತ್ತು ದಿನದಲ್ಲಿ ಅದೂ ಹೊಂದದಾಯಿತು.

ನವೆಂಬರ್ ಮೊದಲ ವಾರದಿಂದ ಅವರು ಮತ್ತೆ ನಗುತ್ತಾ ಬರತೊಡಗಿದರು. ಕನ್ನಡಕವಿಲ್ಲದೆ ಸೂಜಿ ಕಾಣುತ್ತಿದೆ ಎಂದರು. ನನಗೆ ಏನೋ ಸರಿಯಿಲ್ಲ ಅನಿಸಿತು, ಏನೆಂದು ಗೊತ್ತಾಗಲಿಲ್ಲ.

ನವೆಂಬರ್ ಕೊನೆಯ ಗುರುವಾರ ಅವರು ಒಳಗೆ ಚಹಾ ಮಾಡಲು ಹೋಗಿದ್ದಾಗ ಸೀರೆಯ ಸೆರಗನ್ನು ನಾನೇ ತಿರುವಿ ನೋಡಿದೆ. ಅವರು ನಮಗೆಲ್ಲ ಮಾಡುವುದನ್ನು ಅವರಿಗೆ ಮಾಡಿದ್ದು ಅದೇ ಮೊದಲು. ಸಾಲಿನ ಮೊದಲ ಗೋಪುರಗಳು ಅಚ್ಚು ಹೊಡೆದಂತೆ ಇದ್ದವು. ಅವರ ಲೆಕ್ಕದಲ್ಲಿ ನಾಲ್ಕು ಎಳೆಗೆ ಒಂದು ಹೊಲಿಗೆ. ಎಲ್ಲಿಯೂ ಮೂರಿಲ್ಲ, ಐದಿಲ್ಲ. ಆಮೇಲಿನ ಒಂದು ಗೋಪುರದಲ್ಲಿ ಮೂರನೆಯ ಅಂತಸ್ತಿನಿಂದ ಎಣಿಕೆ ತಪ್ಪಿತ್ತು, ಶಿಖರ ಒಂದು ಕಡೆಗೆ ವಾಲಿತ್ತು, ಹಿಂಬದಿಯಲ್ಲಿ ದಾರ ದಾರಿ ಸಿಗದೆ ಅಡ್ಡಡ್ಡ ಹಾರಿತ್ತು. ಪಕ್ಕದ, ಹೊಸ ಗೋಪುರ ಮತ್ತೆ ಅಚ್ಚುಕಟ್ಟು.

ಅವರ ಬಳಿ ಚೌಕುಳಿ ಹಾಳೆಯ ಒಂದು ನೋಟ್‌ಬುಕ್ಕಿದೆ. ನಕ್ಷೆಗಳೂ ಅದರಲ್ಲೇ, ಹಾಲಿನ ಲೆಕ್ಕವೂ ಅದರಲ್ಲೇ. ಪ್ರತಿ ನಕ್ಷೆಯ ಪಕ್ಕದಲ್ಲಿ ಶುರುಮಾಡಿದ, ಮುಗಿಸಿದ ತಾರೀಖು ಬರೆಯುವುದು ತಾಯಿಯಿಂದ ಬಂದ ಅಭ್ಯಾಸ. ತಾರೀಖು ನೋಡಿದೆ. ಕೆಟ್ಟ ಗೋಪುರ ಅಕ್ಟೋಬರ್‌ನದು. ಅಚ್ಚುಕಟ್ಟಾದವು ಮಾತ್ರೆಗೆ ಮುಂಚಿನವು, ಮತ್ತು ಒಂದು ನವೆಂಬರ್‌ನದು. ಚಹಾ ಹಿಡಿದು ಬಂದವರನ್ನು, ‘ಅಕ್ಕಾ, ಮಾತ್ರೆ ಬಿಟ್ಟು ಎಷ್ಟು ದಿನವಾಯಿತು?’ ಎಂದು ಕೇಳಿದೆ. ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಮೂರು ವಾರ’ ಎಂದರು. ‘ಮಾತ್ರೆ ಬರುವ ಮೊದಲು ಕಣ್ಣು ಇತ್ತು. ಮಾತ್ರೆ ಬಂದಿತು, ಕಣ್ಣು ಹೋಯಿತು. ಬಿಟ್ಟೆ, ಕಣ್ಣು ಬಂದಿತು. ಇನ್ನೇನು ಪುರಾವೆ ಬೇಕು ನಿನಗೆ?’

ಅವರ ತರ್ಕದಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ಎರಡು ದಿನ ಬಿಟ್ಟು ಅವರನ್ನೂ ನೋಟ್‌ಬುಕ್ಕನ್ನೂ ಸೀರೆಯನ್ನೂ ಮಧುಮೇಹದ ವೈದ್ಯರ ಬಳಿ ಕರೆದುಕೊಂಡು ಹೋದೆ. ವೈದ್ಯರು ಬೈಯಲಿಲ್ಲ, ಅದು ನಮ್ಮ ಪುಣ್ಯ. ಚೌಕುಳಿ ಹಾಳೆಯ ಮೇಲೆಯೇ ಕಣ್ಣಿನ ಮಸೂರದ ಚಿತ್ರ ಬರೆದು ತೋರಿಸಿದರು. ರಕ್ತದಲ್ಲಿ ಸಕ್ಕರೆ ಬಹಳ ಏರಿದಾಗ ಮಸೂರದೊಳಗೂ ಸಕ್ಕರೆ ಸೇರುತ್ತದೆ, ನೀರಿನ ಪ್ರಮಾಣ ಬದಲಾಗುತ್ತದೆ, ಮಸೂರದ ಶಕ್ತಿಯೇ ಬೇರೆಯಾಗುತ್ತದೆ. ಅನೇಕರಲ್ಲಿ ಅದು ಸಮೀಪದೃಷ್ಟಿಯ ಕಡೆಗೆ ವಾಲುತ್ತದೆ. ಆಗ ದೂರದ ಬಸ್ ನಂಬರು ಮಸುಕಾಗುತ್ತದೆ, ಓದುವ ಕನ್ನಡಕ ಬೇಕಿದ್ದವರಿಗೆ ಹತ್ತಿರದ ಸೂಜಿ ಬರಿಗಣ್ಣಿಗೆ ಕಾಣಿಸುತ್ತದೆ. ಔಷಧದಿಂದ ಸಕ್ಕರೆ ಬೇಗ ಇಳಿದಾಗ ಮಸೂರ ಎದುರು ದಿಕ್ಕಿಗೆ ಹೊರಳುತ್ತದೆ, ಹತ್ತಿರದ್ದು ಮಸುಕಾಗುತ್ತದೆ. ಕೆಲವು ವಾರಗಳಲ್ಲಿ ತಾನಾಗಿ ನೆಲೆಗೆ ಬರುತ್ತದೆ. ಅಲ್ಲಿಯವರೆಗೆ ಹೊಸ ಕನ್ನಡಕ ಮಾಡಿಸಬಾರದು.

ಅಂದರೆ ಜುಲೈನಲ್ಲಿ ನಾವು ಚಪ್ಪಾಳೆ ತಟ್ಟಿದ್ದು ಕಾಯಿಲೆಗೆ. ಅಕ್ಟೋಬರ್‌ನಲ್ಲಿ ಗೋಪುರ ವಾಲಿದ್ದು ದೇಹ ಸುಧಾರಿಸುತ್ತಿದ್ದುದಕ್ಕೆ. ಸೆರಗಿನ ಮೇಲೆ ಹೊಲಿಗೆ ಚೆಂದವಿದ್ದ ಕಡೆಯೆಲ್ಲ ಒಳಗೆ ಸಕ್ಕರೆ ಏರಿತ್ತು. ಆರೋಗ್ಯ ಚೆನ್ನಾಗಿದ್ದರೆ ಕಲೆಯೂ ಚೆನ್ನಾಗಿರುತ್ತದೆ ಎಂದು ಸಲೀಸಾಗಿ ಹೇಳುವವರಿಗೆ ಈ ಸೆರಗನ್ನು ತೋರಿಸಬೇಕು. ಒಟ್ಟಿನಲ್ಲಿ ಆ ಮಾತು ಸುಳ್ಳಲ್ಲ, ಆದರೆ ನಡುವೆ ಕೆಲವು ವಾರ ಅದು ತಲೆಕೆಳಗಾಗಿ ಕಾಣಬಹುದು. ಆ ಕೆಲವು ವಾರಗಳ ಬಗ್ಗೆ ಗಂಗಕ್ಕನಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಮಾತ್ರೆ ಬರೆದವರಿಗೆ ಅವರು ಎಳೆ ಎಣಿಸುವ ಹೆಂಗಸು ಎಂದು ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಬೆರಳನ್ನು ಮಾತ್ರ ನೋಡುತ್ತಿದ್ದೆ.

ಮತ್ತೆ ಶುರುಮಾಡಿದ್ದು

ಅದೇ ವಾರ ಕಣ್ಣಿನ ತಜ್ಞರು ಹನಿ ಹಾಕಿ ಕಣ್ಣಿನ ಪಾಪೆ ಹಿಗ್ಗಿಸಿ ಅಕ್ಷಿಪಟಲ ಪರೀಕ್ಷಿಸಿದರು. ಈ ಬಗೆಯ (ಟೈಪ್ 2) ಮಧುಮೇಹ ಗೊತ್ತಾದ ಕೂಡಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಮಾಡಿಸಬೇಕಾದ ಪರೀಕ್ಷೆ ಅದು. ನಾವು ಎರಡು ತಿಂಗಳು ತಡಮಾಡಿದ್ದೆವು. ಒಂದೆರಡು ಸಣ್ಣ ಚುಕ್ಕೆಗಳಿವೆ, ಸದ್ಯಕ್ಕೆ ಚಿಕಿತ್ಸೆ ಬೇಡ, ಸಕ್ಕರೆ ಹಿಡಿತದಲ್ಲಿರಲಿ ಎಂದರು. ಹೊಸ ಕನ್ನಡಕದ ಬದಲು ರಸ್ತೆ ಬದಿಯಲ್ಲಿ ಸಿಗುವ ಅಗ್ಗದ ಓದುವ ಕನ್ನಡಕ ತಾತ್ಕಾಲಿಕವಾಗಿ ಸಾಕು ಎಂದದ್ದೂ ಅವರೇ. ಲಕ್ಷ್ಮೀ ರಸ್ತೆಯಲ್ಲಿ ನೂರೈವತ್ತಕ್ಕೆ ಒಂದು ಸಿಕ್ಕಿತು.

ಮಾತ್ರೆ ಮತ್ತೆ ಶುರುವಾಯಿತು. ಈ ಸಲ ಗಂಗಕ್ಕ ಕೇಳಿದ್ದು ಒಂದೇ ಪ್ರಶ್ನೆ: ‘ಕಣ್ಣು ಕೆಡುವುದು ಎಷ್ಟು ದಿನ?’ ತಿಂಗಳು, ಒಂದೂವರೆ ತಿಂಗಳು ಎಂಬ ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಮೊದಲ ಕೆಲವು ವಾರ ಕಪ್ಪು ಸೀರೆಯನ್ನು ಮಡಿಸಿ ಟ್ರಂಕಿನಲ್ಲಿಟ್ಟು, ಎಳೆಗಳು ದಪ್ಪವಾಗಿ ಬಿಡಿಬಿಡಿಯಾಗಿ ಕಾಣುವ ಬಿಳಿ ಮ್ಯಾಟಿ ಬಟ್ಟೆಯ ಮೇಲೆ ಮೆಂತೆ ಹೊಲಿಗೆಯ ದಿಂಬಿನ ಚೀಲ ಹಾಕಿದರು. ‘ರಜೆಯ ಕೆಲಸ’ ಎಂದು ಬೈದುಕೊಂಡೇ ಹಾಕಿದರು.

ಈ ಅವಧಿಯಲ್ಲಿ ನಾವು ಮಾಡಿನೋಡಿದ್ದರಲ್ಲಿ ಕೆಲವು ನಡೆಯಲಿಲ್ಲ. ಬೆಳಗಿನ ಜಾವ ಟೇಕಡಿ (ಗುಡ್ಡ) ಹತ್ತುವುದು ನಾಲ್ಕೇ ದಿನಕ್ಕೆ ಮುಗಿಯಿತು. ಅವರ ಯಜಮಾನರು ಮಾತ್ರ ಈಗಲೂ ಹೋಗುತ್ತಾರೆ, ಇಳಿದ ಮೇಲೆ ಗೆಳೆಯರೊಂದಿಗೆ ಮಿಸಳ್ ತಿಂದೇ ಬರುತ್ತಾರೆ. ಇಪ್ಪತ್ತು ನಿಮಿಷಕ್ಕೊಮ್ಮೆ ಕಣ್ಣೆತ್ತಿ ಇಪ್ಪತ್ತು ಅಡಿ ದೂರ ನೋಡಬೇಕು ಎಂದು ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಟ್ಟೆ. ಅದು ಕೂಗಿದಾಗಲೆಲ್ಲ ಎಣಿಕೆ ತಪ್ಪುತ್ತಿತ್ತು. ಮೂರನೆಯ ದಿನ ಮೊಬೈಲು ಹಿಟ್ಟಿನ ಡಬ್ಬಿಯ ಹಿಂದೆ ಸಿಕ್ಕಿತು.

ಕೊನೆಗೆ ನಡೆದ ಉಪಾಯ ಅವರದೇ. ಕಸೂತಿಗೆ ದಾರವನ್ನು ಒಂದು ಮೊಳಕ್ಕಿಂತ ಉದ್ದ ಕತ್ತರಿಸುವುದಿಲ್ಲ, ಉದ್ದವಾದರೆ ಗಂಟು ಬೀಳುತ್ತದೆ, ಸವೆಯುತ್ತದೆ. ಒಂದು ಮೊಳ ದಾರ ಅವರ ಕೈಯಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ಮುಗಿಯುತ್ತದೆ. ದಾರ ಮುಗಿದರೆ ಏಳುವುದು. ಎದ್ದು ಬಾಲ್ಕನಿಗೆ ಹೋಗಿ ಎದುರಿನ ಗುಲ್‌ಮೊಹರ್ ನೋಡುವುದು, ಹೆಬ್ಬೆರಳನ್ನು ನಿಧಾನವಾಗಿ ಹತ್ತು ಸಲ ಬಿಚ್ಚಿ ಮಡಚುವುದು, ಮತ್ತೆ ಬಂದು ದಾರ ಪೋಣಿಸುವುದು. ಎಣಿಕೆ ತಪ್ಪುವ ಪ್ರಶ್ನೆಯೇ ಇಲ್ಲ, ಏಕೆಂದರೆ ದಾರ ಮುಗಿದಲ್ಲಿ ಕೆಲಸ ಹೇಗೂ ನಿಲ್ಲಲೇಬೇಕು. ಬೆಳಿಗ್ಗೆ ಎರಡು ದಾರ, ಮಧ್ಯಾಹ್ನ ಒಂದು. ರಾತ್ರಿ ಇಲ್ಲ. ಮಧ್ಯಾಹ್ನದ ದಾರ ಊಟ ಮಾಡಿ, ಕಟ್ಟಡದ ಅಂಗಳದಲ್ಲಿ ಹದಿನೈದು ನಿಮಿಷ ಅಡ್ಡಾಡಿ ಬಂದ ಮೇಲೆಯೇ. ಊಟದ ನಂತರದ ಈ ನಡಿಗೆ ಸಕ್ಕರೆ ಏರುವುದನ್ನು ತಗ್ಗಿಸುತ್ತದೆ ಎಂದು ನಾನು ಹೇಳಿದ್ದಕ್ಕಿಂತ, ನಡೆದು ಬಂದರೆ ತೂಕಡಿಕೆ ಇಲ್ಲದೆ ಸಾಲು ನೆಟ್ಟಗೆ ಬರುತ್ತದೆ ಎಂದು ಅವರು ಕಂಡುಕೊಂಡದ್ದೇ ಹೆಚ್ಚು ಕೆಲಸ ಮಾಡಿತು.

ಬೆಳಕಿನ ವ್ಯವಸ್ಥೆಯೂ ಬದಲಾಯಿತು. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗಿ ಒಳಗೆ ಹೋಗುವ ಬೆಳಕು ಕಡಿಮೆಯಾಗುತ್ತದೆ. ಕಪ್ಪು ಬಟ್ಟೆಯಲ್ಲಿ ಕಪ್ಪು ಎಳೆ ಎಣಿಸುವವರಿಗಂತೂ ಟ್ಯೂಬ್‌ಲೈಟ್ ಸಾಲದು. ಡಿಸೆಂಬರ್ ಮೂರನೆಯ ವಾರ ಸೀರೆ ಟ್ರಂಕಿನಿಂದ ಹೊರಬಂದಾಗ ಅವರು ಬಾಲ್ಕನಿಯ ಬಿಸಿಲಿಗೆ ಬಂದು ಕುಳಿತರು, ತೊಡೆಯ ಮೇಲೆ ಯಜಮಾನರ ಬಿಳಿ ಪಂಚೆ ಹಾಸಿ ಅದರ ಮೇಲೆ ಸೆರಗು ಹರಡಿದರು. ಕೆಳಗಿನ ಬಿಳುಪು ಎಳೆಗಳ ಸಂದಿಯಿಂದ ಚುಕ್ಕಿ ಚುಕ್ಕಿಯಾಗಿ ಮೇಲೆ ಬರುತ್ತದೆ. ನೂರೈವತ್ತರ ಕನ್ನಡಕದಲ್ಲಿಯೂ ನನಗೇ ಎಣಿಸಲು ಬಂದಿತು, ಇನ್ನು ಅವರಿಗೇನು.

ಆದರೆ ದಿನ ಉಳಿದಿರಲಿಲ್ಲ. ಮೂರು ದಾರದ ಲೆಕ್ಕದಲ್ಲಿ ಸಂಕ್ರಾಂತಿಗೆ ಸೆರಗು ಮಾತ್ರ ಮುಗಿಯುತ್ತದೆ, ಒಡಲೂ ಅಂಚೂ ಖಾಲಿ. ರಾತ್ರಿ ಕುಳಿತರೆ ಅರ್ಧ ಅಂಚಾದರೂ ಆಗುತ್ತಿತ್ತು. ಈ ಪ್ರಕರಣದಲ್ಲಿ ಅತ್ಯಂತ ಕಷ್ಟದ ತೀರ್ಮಾನ ಯಾವುದೆಂದು ಕೇಳಿದರೆ ನಾನು ಮಾತ್ರೆಯ ಹೆಸರು ಹೇಳುವುದಿಲ್ಲ, ಇದನ್ನು ಹೇಳುತ್ತೇನೆ. ಒಂದು ವಾರ ಅವರು ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಸೊಸೆಯನ್ನು ಕರೆದು ಸೀರೆ ತೋರಿಸಿ, ಇಷ್ಟೇ ಆಗಿದೆ ಎಂದರು. ಆ ಹುಡುಗಿ ಸೆರಗನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತು, ‘ಆಯಿ, ಎಲ್ಲರೂ ನೋಡುವುದು ಸೆರಗನ್ನೇ ಅಲ್ಲವೇ’ ಎಂದಳಂತೆ.

ಸಂಕ್ರಾಂತಿಯ ಸಂಜೆ ಅವಳು ಅದನ್ನೇ ಉಟ್ಟಳು. ಕೊರಳಲ್ಲಿ, ಕೈಯಲ್ಲಿ ಸಕ್ಕರೆ ಕಾಳಿನ ಒಡವೆ. ಗಂಗಕ್ಕ ಎಲ್ಲರಿಗೂ ಕುಸುರೆಳ್ಳು ಹಂಚಿದರು, ತಾವು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ನನ್ನ ಕಡೆ ನೋಡಿದರು. ನಾನು ಬೇರೆ ಕಡೆ ನೋಡಿದೆ.

ಈಗ

ಫೆಬ್ರವರಿ ಕೊನೆಯ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ 7.4, ಜೂನ್‌ನಲ್ಲಿ 6.9. ಜನವರಿ ಕೊನೆಗೆ ಕಣ್ಣು ನೆಲೆಗೆ ಬಂದಿತು. ಆಗ ಮಾಡಿಸಿದ ಕನ್ನಡಕವೇ ಇಂದಿಗೂ ನಡೆಯುತ್ತಿದೆ. ಮೂರೂವರೆ ಸಾವಿರದ್ದು ಪೆಟ್ಟಿಗೆಯಲ್ಲಿದೆ. ಹೆಬ್ಬೆರಳಿಗೆ ಇಂಜೆಕ್ಷನ್ ಬೇಕಾಗಲಿಲ್ಲ. ಚಳಿಯ ಬೆಳಿಗ್ಗೆ ಈಗಲೂ ಒಮ್ಮೊಮ್ಮೆ ಸಿಕ್ಕಿಕೊಳ್ಳುತ್ತದೆ. ಯಾವುದರಿಂದ ಎಷ್ಟು ಸುಧಾರಿಸಿತು, ಸಕ್ಕರೆ ಇಳಿದದ್ದರಿಂದಲೋ ಕೈಗೆ ಬಿಡುವು ಸಿಕ್ಕಿದ್ದರಿಂದಲೋ ಎಂದು ಈ ಒಂದು ಪ್ರಕರಣದಿಂದ ಬಿಡಿಸಿ ಹೇಳಲಾಗದು.

ನನ್ನ ಮಟ್ಟಿಗೆ ಬದಲಾದದ್ದು ನಾನು ಕೇಳುವ ಪ್ರಶ್ನೆ. ಯಾರಾದರೂ ಕೈನೋವು, ಕುತ್ತಿಗೆ ನೋವು ಎಂದು ಬಂದರೆ, ನೋವು ಎಲ್ಲಿದೆ ಎಂದು ಕೇಳಿದ ಮೇಲೆ ‘ನಿಮ್ಮ ಕೈಕೆಲಸದಲ್ಲಿ ಈಚೆಗೆ ಏನು ಬದಲಾಗಿದೆ?’ ಎಂದು ಕೇಳುತ್ತೇನೆ. ಹಾರ್ಮೋನಿಯಂ ನುಡಿಸುವವರಿರಲಿ, ರಂಗೋಲಿ ಹಾಕುವವರಿರಲಿ. ಕೆಟ್ಟದ್ದಷ್ಟನ್ನೇ ಕೇಳುವುದಿಲ್ಲ, ಇದ್ದಕ್ಕಿದ್ದಂತೆ ಸುಧಾರಿಸಿದ್ದನ್ನೂ ಕೇಳುತ್ತೇನೆ. ಹೊಸದಾಗಿ ಮಧುಮೇಹದ ಮಾತ್ರೆ ಶುರುಮಾಡಿದವರು ಸಿಕ್ಕರೆ, ಕೆಲವು ವಾರ ಹತ್ತಿರದ್ದು ಮಸುಕಾಗಬಹುದು, ಹೆದರಿ ಮಾತ್ರೆ ಬಿಡಬೇಡಿ, ವೈದ್ಯರಿಗೆ ಹೇಳಿ ಎಂದು ಕೇಳದಿದ್ದರೂ ಹೇಳುತ್ತೇನೆ. ಬೈಠಕ್ಕಿನಲ್ಲಿ ಇದಕ್ಕಾಗಿ ನನಗೊಂದು ಅಡ್ಡಹೆಸರೂ ಬಿದ್ದಿದೆ.

ಅಂಚಿನ ಮುರಗಿ ಮಳೆಗಾಲದಲ್ಲಿ ಶುರುವಾಗಿದೆ, ದಿನಕ್ಕೆ ಮೂರು ದಾರ. ಕಳೆದ ತಿಂಗಳು ಸೀರೆ ಸೊಸೆಯ ಮನೆಯಿಂದ ಬಂದಾಗ ಗಂಗಕ್ಕ ಮೊದಲು ಮಾಡಿದ ಕೆಲಸ ಆ ವಾಲಿದ ಗೋಪುರವನ್ನು ಬಿಚ್ಚಿದ್ದು. ಇರಲಿ ಬಿಡಿ, ಗುರುತಿಗೆ ಎಂದು ನಾವೆಲ್ಲ ಹೇಳಿ ನೋಡಿದೆವು. ‘ಗುರುತಿಗೆ ನಿನ್ನ ಮೊಬೈಲಿನಲ್ಲಿ ಹಿಡಿದುಕೋ’ ಎಂದು ಕತ್ತರಿ ತೆಗೆದುಕೊಂಡರು. ಹಿಂಬದಿಯ ಫೋಟೊ ತೆಗೆದುಕೊಂಡೆ. ಅದರ ಪ್ರತಿ ಈಗ ಅವರ ಆಸ್ಪತ್ರೆಯ ಕಡತದಲ್ಲಿ, ಅಕ್ಟೋಬರ್‌ನ ರಕ್ತಪರೀಕ್ಷೆಯ ವರದಿಯ ಪಕ್ಕದಲ್ಲಿದೆ.